ಹೂವಿನ ಕಣಿವೆಗೆ ಹೋಗುವುದಾದರೆ ಘಾಂಘರಿಯಾದಲ್ಲಿ ಮೂರು ರಾತ್ರಿ

ಉತ್ತರಾಖಂಡದ ವ್ಯಾಲಿ ಆಫ್ ಫ್ಲವರ್ಸ್‌ಗೆ ಹೊರಡುವವರು ಮೊದಲು ಕೇಳುವುದು ಯಾವ ತಿಂಗಳು ಒಳ್ಳೆಯದು ಅಂತ. ಕಣಿವೆಗೆ ಹತ್ತಿರದ ತಂಗುವ ಊರಾದ ಘಾಂಘರಿಯಾದಲ್ಲಿ ಎಷ್ಟು ರಾತ್ರಿ ಇರುತ್ತೀರಿ ಅನ್ನುವುದು ಅದಕ್ಕಿಂತ ಮುಖ್ಯ. ಮೂರಕ್ಕಿಂತ ಕಡಿಮೆ ಬೇಡ.

ಕಣಿವೆ ರಾಷ್ಟ್ರೀಯ ಉದ್ಯಾನ, ಅದರೊಳಗೆ ರಾತ್ರಿ ತಂಗುವ ಹಾಗಿಲ್ಲ, ಟೆಂಟ್ ಹಾಕುವ ಹಾಗಿಲ್ಲ. ಬೆಳಿಗ್ಗೆ ಹೋಗಿ ಸಂಜೆ 5ರೊಳಗೆ ಹೊರಬರಬೇಕು. ಒಂದೇ ದಿನ ಇಟ್ಟುಕೊಂಡವರಿಗೆ ಅಂದು ಮಂಜು ಕವಿದರೆ ಹತ್ತು ಮಾರು ಆಚೆಯದೂ ಕಾಣುವುದಿಲ್ಲ. ಮೂರು ರಾತ್ರಿ ಇದ್ದರೆ ಎರಡು ಪೂರ್ತಿ ದಿನ ಸಿಗುತ್ತವೆ: ಕಣಿವೆಗೆ ಒಂದು ದಿನ, ಮೇಲಿನ ಸಿಖ್ಖರ ಯಾತ್ರಾಸ್ಥಳ ಹೇಮಕುಂಡಕ್ಕೆ ಒಂದು ದಿನ. ಕಣಿವೆ ಮೊದಲಾಗಲಿ. ಘಾಂಘರಿಯಾ ಸುಮಾರು 3,050 ಮೀಟರ್ ಎತ್ತರದಲ್ಲಿದೆ, ಹೇಮಕುಂಡ 4,000 ಮೀಟರ್ ದಾಟುತ್ತದೆ. ನಡುವೆ ಒಂದು ದಿನ ಸಿಕ್ಕರೆ ದೇಹ ಹೊಂದಿಕೊಳ್ಳುತ್ತದೆ. ತಲೆನೋವು, ವಾಕರಿಕೆ ಶುರುವಾದರೆ ಹಟ ಹಿಡಿಯದೆ ಕೆಳಗಿಳಿಯಿರಿ.

ಉದ್ಯಾನ ತೆರೆದಿರುವುದು ಜೂನ್ 1ರಿಂದ ಅಕ್ಟೋಬರ್ 31ರವರೆಗೆ. ಜೂನ್‌ನಲ್ಲಿ ದಾರಿಯ ಪಕ್ಕ ಇನ್ನೂ ಹಿಮ ಉಳಿದಿರುತ್ತದೆ, ಹೂವು ಕಡಿಮೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಹೂವಿನ ಸುಗ್ಗಿ. ಆದರೆ ಹೂವು ಅರಳಿಸುವ ಮಳೆಯೇ ಗುಡ್ಡವನ್ನೂ ಕುಸಿಯುವಂತೆ ಮಾಡುತ್ತದೆ. ಹೃಷಿಕೇಶದಿಂದ ಕಣಿವೆಯ ದಾರಿ ಶುರುವಾಗುವ ಗೋವಿಂದಘಾಟ್‌ಗೆ ಸುಮಾರು 270 ಕಿ.ಮೀ. ದಾರಿ ತೆರೆದಿದ್ದರೂ ಇಡೀ ದಿನದ ಪ್ರಯಾಣ, ರಾತ್ರಿ ಹೊತ್ತು ಈ ಘಟ್ಟದಲ್ಲಿ ಗಾಡಿ ಬಿಡುವುದಿಲ್ಲ. ಎಲ್ಲಾದರೂ ಕುಸಿದರೆ ತೆರವಾಗುವವರೆಗೆ ಅಲ್ಲೇ ಕಾಯಬೇಕು. ವಾಪಸಿನ ವಿಮಾನ ಅಥವಾ ರೈಲಿಗೆ ಮುನ್ನ ಒಂದು ದಿನ ಪೂರ್ತಿ ಖಾಲಿ ಬಿಡಿ.

ಗೋವಿಂದಘಾಟ್‌ನಿಂದ ಪುಲನಾದವರೆಗೆ ಜೀಪು ಸಿಗುತ್ತದೆ. ಅಲ್ಲಿಂದ ಘಾಂಘರಿಯಾಗೆ ಹತ್ತು ಕಿ.ಮೀ.ನಷ್ಟು ಏರು. ಹೇಸರಗತ್ತೆಗಳು ಓಡಾಡುವ ಕಲ್ಲುಹಾಸಿನ ದಾರಿ, ಮಳೆಗೆ ಲದ್ದಿ ಕಲಸಿ ಜಾರುತ್ತದೆ. ಸವೆದ ಅಡಿಯ ಬೂಟು ಬೇಡವೇ ಬೇಡ. ಇಳಿಯುವಾಗ ಮೊಣಕಾಲು ಉಳಿಸುವುದು ಕೈಯಲ್ಲಿನ ಕೋಲು. ಹೇಸರಗತ್ತೆ ಎದುರಾದರೆ ಯಾವಾಗಲೂ ಗುಡ್ಡದ ಕಡೆಗೆ ಸರಿದು ನಿಲ್ಲಿ. ಕಂದಕದ ಕಡೆ ನಿಂತರೆ ಅದರ ಹೊರೆ ತಗುಲಿ ಬೀಳುವ ಅಪಾಯವಿದೆ.

ಬ್ಯಾಗಿನ ಮಳೆ ಕವರನ್ನು ನಂಬಿ ಕೂರಬೇಡಿ. ಅದು ಹೊರಮೈಯನ್ನಷ್ಟೇ ಮುಚ್ಚುತ್ತದೆ, ಬೆನ್ನಿಗೆ ತಾಗುವ ಕಡೆಯಿಂದ ನೀರು ಒಳಗಿಳಿಯುತ್ತದೆ. ಬ್ಯಾಗಿನ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರೊಳಗೆ ಬಟ್ಟೆ ತುಂಬಿ ಬಾಯಿ ಕಟ್ಟಿ. ಜೀನ್ಸ್ ಬಿಟ್ಟುಬಿಡಿ, ಘಾಂಘರಿಯಾದ ಥಂಡಿಯಲ್ಲಿ ಒಮ್ಮೆ ನೆನೆದರೆ ಒಣಗುವುದಿಲ್ಲ. ನಗದನ್ನು ಗೋವಿಂದಘಾಟ್‌ಗೆ ಮೊದಲು ಸಿಗುವ ಪಟ್ಟಣ ಜೋಶಿಮಠದಲ್ಲೇ ತೆಗೆದಿಟ್ಟುಕೊಳ್ಳಿ.

ಕಣಿವೆಯ ದಿನ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಅಲ್ಲಿರಿ. ಪರ್ಮಿಟ್‌ಗೆ ಗುರುತಿನ ಚೀಟಿ ಬೇಕು. ಒಳಗೆ ಅಂಗಡಿ, ಶೌಚಾಲಯ ಯಾವುದೂ ಇಲ್ಲ. ಮಧ್ಯಾಹ್ನದ ಬುತ್ತಿ, ನೀರು ಹೊತ್ತೇ ಹೋಗಬೇಕು, ಕಸವನ್ನೂ ಹೊತ್ತೇ ತರಬೇಕು. ಪುಷ್ಪಾವತಿ ಹೊಳೆಯ ಸೇತುವೆ ದಾಟಿದ ಮೇಲೆ ಭೂರ್ಜ ಮರಗಳ ನಡುವೆ ಕಡಿದಾದ ಏರು. ಬಹಳ ಜನ ಅದನ್ನು ಹತ್ತಿ, ಬಯಲು ಕಂಡ ಕೂಡಲೇ ಫೋಟೊ ತೆಗೆದು ತಿರುಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿಂದ ಮುಂದಿನ ದಾರಿ ಹೆಚ್ಚೂಕಡಿಮೆ ಸಮತಟ್ಟು. 1939ರಲ್ಲಿ ಇಲ್ಲೇ ಜಾರಿ ಬಿದ್ದು ತೀರಿಕೊಂಡ ಸಸ್ಯತಜ್ಞೆ ಜೋನ್ ಮಾರ್ಗರೆಟ್ ಲೆಗ್ ಅವರ ಸಮಾಧಿ ಒಂದು ಕವಲಿನಲ್ಲಿದೆ, ಇನ್ನೊಂದು ಕವಲು ಹೊಳೆಯ ದಂಡೆಗಿಳಿಯುತ್ತದೆ. ಮಧ್ಯಾಹ್ನ 1:30 ಆದಾಗ ಎಲ್ಲೇ ಇದ್ದರೂ ಹಿಂತಿರುಗಿ.

ಆಗಸ್ಟ್‌ನಲ್ಲಿ ಗುಲಾಬಿ ಬಣ್ಣದ ಕರ್ಣಕುಂಡಲದ ಜಾತಿಯ ಗಿಡಗಳು ಎದೆಯೆತ್ತರಕ್ಕೆ ಬೆಳೆದಿರುತ್ತವೆ. ಗಸಗಸೆ ಜಾತಿಯ ಹೂವು ನೀಲಿ ಪಾಪಿ (blue poppy) ಬೇಕಿದ್ದರೆ ಬಂಡೆಗಳ ಸಂದಿಯಲ್ಲಿ ಹುಡುಕಿ: ಕಾಂಡದ ತುಂಬ ಮುಳ್ಳು, ನಡುವೆ ಹಳದಿ ಕೇಸರ, ದಳ ಮಾತ್ರ ಒದ್ದೆ ಕಾಗದದಷ್ಟು ತೆಳು. ಫೋಟೊಗಾಗಿ ದಾರಿ ಬಿಟ್ಟು ಗಿಡಗಳ ನಡುವೆ ಇಳಿಯಬೇಡಿ. ಬ್ರಹ್ಮಕಮಲವನ್ನು ಕಣಿವೆಯಲ್ಲಿ ಹುಡುಕಿ ಸಮಯ ಕಳೆಯುವ ಬದಲು, ಮರುದಿನ ಹೇಮಕುಂಡದ ದಾರಿಯ ಮೇಲ್ಭಾಗದಲ್ಲಿ ನೋಡಿ.