ಶಿಕಾಗೋದಲ್ಲಿ ಕಾದಿರಿಸಿದ ಕುರ್ಚಿ

ಮಗಳ ಮನೆಯಲ್ಲಿದ್ದುಕೊಂಡು ಶಿಕಾಗೋ ನೋಡಿದ್ದು ಹನ್ನೆರಡು ದಿನ. ಅದರಲ್ಲಿ ಹತ್ತು ದಿನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಅವರೆಬೀಜದ ಆಕಾರದ ಉಕ್ಕಿನ ಶಿಲ್ಪದ ಮುಂದೆ ಎಲ್ಲರಂತೆ ಫೋಟೊ ತೆಗೆಸಿಕೊಂಡೆ. ವಿಲ್ಲಿಸ್ ಟವರ್‌ನ 103ನೇ ಮಹಡಿಯ ಗಾಜಿನ ನೆಲದ ಮೇಲೆ ನಿಂತು ಕಣ್ಣು ಮುಚ್ಚಿಕೊಂಡೆ. ಪೇಟೆಯ ನಡುವಿನ ಒಂದು ಭಾರೀ ಥಿಯೇಟರ್‌ನಲ್ಲಿ ಮ್ಯೂಸಿಕಲ್ ಕೂಡ ನೋಡಿದ್ದಾಯಿತು. ಮೇಲಿನ ಬಾಲ್ಕನಿಯಿಂದ ನಟಿಯ ಮುಖಕ್ಕಿಂತ ತೂಗುದೀಪವೇ ಚೆನ್ನಾಗಿ ಕಂಡಿತು. ಮೈಕಿನಲ್ಲಿ ಬರುವ ಅಳುವಿಗೆ ನನಗೆ ಅಳು ಬರುವುದಿಲ್ಲ, ಏನು ಮಾಡುವುದು.

ನನಗೆ ಬೇಕಿದ್ದದ್ದು ಸ್ಟೋರ್‌ಫ್ರಂಟ್ ಥಿಯೇಟರ್. ಹಳೆಯ ಅಂಗಡಿ ಮಳಿಗೆಯೊಳಗೆ ನಲವತ್ತು ಐವತ್ತು ಕುರ್ಚಿ ಹಾಕಿ ನಾಟಕ ಆಡುವ ಜಾಗಗಳಿಗೆ ಇಲ್ಲಿ ಹಾಗೆನ್ನುತ್ತಾರೆ. ಈಗ ಹಾಲ್ಸ್ಟೆಡ್ ಬೀದಿಯಲ್ಲಿ ದೊಡ್ಡ ಕಟ್ಟಡ ಕಟ್ಟಿಕೊಂಡಿರುವ ಸ್ಟೆಪನ್‌ವುಲ್ಫ್ ತಂಡ ಕೂಡ ಒಂದು ಕಾಲದಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಆಡುತ್ತಿತ್ತಂತೆ.

ಶುಕ್ರವಾರ ಹೊರಟೆ. "ವೆಸ್ಟರ್ನ್ ಸ್ಟೇಷನ್‌ನಲ್ಲಿ ಇಳಿ ಅಪ್ಪಾ, ಎರಡೇ ನಿಮಿಷ ನಡಿಗೆ" ಎಂದಿದ್ದಳು ಮಗಳು. ಇಳಿದೆ. ನಡೆದೆ. ಥಿಯೇಟರ್ ಇಲ್ಲ. ಶಿಕಾಗೋದ ರೈಲುಜಾಲದಲ್ಲಿ ವೆಸ್ಟರ್ನ್ ಎಂಬ ಹೆಸರಿನ ನಿಲ್ದಾಣಗಳು ಐದಿವೆ. ನೀಲಿ ಮಾರ್ಗ ಒಂದರಲ್ಲೇ ಎರಡು! ನಾನು ಇಳಿಯಬೇಕಿದ್ದದ್ದು ಕಂದು ಮಾರ್ಗದ್ದು, ಇಳಿದದ್ದು ನೀಲಿಯದು. ರಸ್ತೆಯೇನೋ ಅದೇ ವೆಸ್ಟರ್ನ್ ಅವೆನ್ಯೂ, ಆದರೆ ಮನೆ ನಂಬರು 1900ರ ಆಸುಪಾಸು. ನನಗೆ ಬೇಕಿದ್ದದ್ದು 4600ರ ಹತ್ತಿರ. ಇಲ್ಲಿ 800 ನಂಬರಿಗೆ ಒಂದು ಮೈಲಿ. ಲೆಕ್ಕ ಹಾಕಿದರೆ ಐದು ಕಿಲೋಮೀಟರಿಗೂ ಜಾಸ್ತಿ. ಮಾರ್ಚ್ ತಿಂಗಳ ಗಾಳಿ ಬೇರೆ. ಬಸ್ಸು ಹಿಡಿದು ತಲುಪುವಾಗ ನಾಟಕ ಶುರುವಾಗಿ ಹತ್ತು ನಿಮಿಷ ಆಗಿತ್ತು. ಒಳಗೆ ಬಿಡಲಿಲ್ಲ. ನಟರು ರಂಗಕ್ಕೆ ಬರುವುದೂ ಪ್ರೇಕ್ಷಕರು ಬರುವುದೂ ಒಂದೇ ಬಾಗಿಲಂತೆ!

ಹೋಗುವವರಿಗೆ ಒಂದು ಮಾತು: ನಿಲ್ದಾಣದ ಹೆಸರು ಕೇಳಬೇಡಿ, ಬಣ್ಣ ಕೇಳಿ. ಅರ್ಧ ಗಂಟೆ ಮೊದಲೇ ಹೋಗಿ.

ಬಾಗಿಲಲ್ಲಿದ್ದ ಹುಡುಗನಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಇವತ್ತಿನದು ಪ್ರಿವ್ಯೂ, ಬರೀ ಪೂರ್ವಪ್ರದರ್ಶನ. ನಾಳೆ ಓಪನಿಂಗ್ ನೈಟ್, ಅಧಿಕೃತ ಮೊದಲ ಪ್ರದರ್ಶನ. ಅದಕ್ಕೇ ಬಂದುಬಿಡಿ" ಎಂದು ನಾಳೆಯ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡ.

ಮರುದಿನ ಮುಕ್ಕಾಲು ಗಂಟೆ ಮೊದಲೇ ಹಾಜರಾದೆ. ಮೂರನೇ ಸಾಲಿನ ಕೊನೆಯ ಕುರ್ಚಿ ಖಾಲಿ ಕಂಡಿತು, ಕೂತೆ. ಸ್ವಲ್ಪ ಹೊತ್ತಿಗೆ ಎಪ್ಪತ್ತು ದಾಟಿದ ಹೆಂಗಸೊಬ್ಬರು ಬಂದು ನನ್ನ ಪಕ್ಕ ನಿಂತರು. ನಾನು ಕೂತಿದ್ದದ್ದು 'ಕಾದಿರಿಸಿದೆ' ಎಂಬ ಚೀಟಿಯ ಮೇಲೆ! ಎದ್ದೆ. ಅವರು ನಕ್ಕು ಪಕ್ಕದ ಕುರ್ಚಿ ತೋರಿಸಿದರು. ಗಣ್ಯರಾ ಎಂದು ಕೇಳಿದೆ. "ಛೇ, ನಾನು ಜೆಫ್" ಎಂದರು. ಹೆಸರು ಜೆಫ್ ಇರಬೇಕು ಅಂದುಕೊಂಡೆ. ಹೆಂಗಸಿಗೆ ಜೆಫ್?

ಇಂಟರ್ವಲ್‌ನಲ್ಲಿ ಬಿಡಿಸಿ ಹೇಳಿದರು. ಜೋಸೆಫ್ ಜೆಫರ್ಸನ್ ಪ್ರಶಸ್ತಿಯ ಸಮಿತಿಯವರು. ಊರಿನವರ ಬಾಯಲ್ಲಿ ಅದು ಬರೀ ಜೆಫ್. 1968ರಲ್ಲಿ ಹುಟ್ಟಿದ್ದು. ಪೂರ್ತಿ ಶಿಕಾಗೋ ಸೀಮೆಯ ನಾಟಕಗಳಿಗೇ ಮೀಸಲು. ಸ್ಟೇಟ್ ಮತ್ತು ಮ್ಯಾಡಿಸನ್ ಬೀದಿಗಳು ಕೂಡುವ ಮೂಲೆಯಿಂದ ಸುತ್ತ 30 ಮೈಲಿಯೊಳಗೆ ಆಡಿದ ನಾಟಕವಾಗಿರಬೇಕು. ನನಗೆ ನಗು ಬಂತು. ಹಿಂದಿನ ದಿನ ನನ್ನನ್ನು ಅಲೆದಾಡಿಸಿದ ಮನೆ ನಂಬರುಗಳೂ ಅದೇ ಮೂಲೆಯಿಂದಲೇ ಸೊನ್ನೆ ಎಂದು ಶುರುವಾಗುವುದು.

"ಓಪನಿಂಗ್‌ಗೆ ನಾವು ಕೆಲವರು ಬರುತ್ತೇವೆ. ನಟನೆ, ನಿರ್ದೇಶನ, ಬೆಳಕು, ಬಟ್ಟೆ, ಶಬ್ದ, ಎಲ್ಲಕ್ಕೂ ಬೇರೆ ಬೇರೆ ಮತ. ಒಂದಾದರೂ ಗೆದ್ದರೆ ನಾಟಕಕ್ಕೆ 'ಜೆಫ್ ಶಿಫಾರಸು' ಸಿಗುತ್ತದೆ. ಆಮೇಲೆ ಉಳಿದ ಸದಸ್ಯರೂ ಬಂದು ನೋಡಬೇಕು."

"ಸಂಬಳ?"

"ಸಂಬಳವಾ! ಕಳೆದ ವರ್ಷ ನೂರು ನಾಟಕ ದಾಟಿದೆ. ಬೆನ್ನುನೋವು ಸಂಬಳ."

"ಈ ನಾಟಕ ಹೇಗನ್ನಿಸಿತು?"

"ಅದೊಂದು ಬಿಟ್ಟು ಬೇರೇನು ಬೇಕಾದರೂ ಕೇಳಿ."

ಹಾಗಾಗಿ ಬೇರೆಯೇ ಕೇಳಿದೆ. ಇಲ್ಲಿ ನಟಿಸುವವರು ಹಗಲು ಏನು ಮಾಡುತ್ತಾರೆ? ಕಾಫಿ ಅಂಗಡಿ, ಮಕ್ಕಳಿಗೆ ಪಾಠ, ಯಾರದೋ ನಾಯಿ ತಿರುಗಾಡಿಸುವುದು ಎಂದರು. "ಹಾಗಾದರೆ ಇವರು ಹವ್ಯಾಸಿಗಳು, ಅಲ್ವಾ?" ಎಂದೆ. ಅವರ ಮುಖ ಬಿಗಿಯಾಯಿತು. "ಅಲ್ಲ. ವೃತ್ತಿಪರರು. ನಟರ ಯೂನಿಯನ್ ಒಪ್ಪಂದ ಇಲ್ಲ, ಅಷ್ಟೆ." ಯೂನಿಯನ್ ಒಪ್ಪಂದದ ತಂಡಗಳಿಗೆ ಒಂದು ಜೆಫ್ ಪ್ರಶಸ್ತಿ ಸಮಾರಂಭ, ಇಲ್ಲದವರಿಗೆ ಇನ್ನೊಂದು. 1973ರಿಂದ ಇವರನ್ನೂ ಸೇರಿಸಿಕೊಂಡಿದ್ದಾರೆ.

ಅಲ್ಲೇ ಸಿಕ್ಕಿಹಾಕಿಕೊಂಡೆ. ನಮ್ಮಲ್ಲಿ ವೃತ್ತಿ ರಂಗಭೂಮಿ ಅಂದರೆ ಕಂಪನಿ ನಾಟಕ. ಊರಿಂದೂರಿಗೆ ಕ್ಯಾಂಪ್ ಹಾಕಿ, ಗಲ್ಲಾಪೆಟ್ಟಿಗೆ ತುಂಬಿದರೆ ಊಟ, ಇಲ್ಲದಿದ್ದರೆ ಇಲ್ಲ. ಬ್ಯಾಂಕಿನ ಕೆಲಸ ಮುಗಿಸಿ ಸಂಜೆ ಬಣ್ಣ ಹಚ್ಚುತ್ತಿದ್ದ ನಾವು ಹವ್ಯಾಸಿಗಳು. ಇದನ್ನು ಹೇಳಿದೆ. ಆಕೆ ಯೋಚಿಸಿ ಕೇಳಿದರು: "ನಿಮ್ಮ ನಾಟಕಕ್ಕೆ ಜನ ದುಡ್ಡು ಕೊಟ್ಟು ಬರುತ್ತಿದ್ದರಾ?" ಬರುತ್ತಿದ್ದರು. "ನಿಮಗೇನಾದರೂ ಕೊಡುತ್ತಿದ್ದರಾ?" ಆಟೋ ಖರ್ಚು, ಎಂದೆ. "ಇವರಿಗೂ ಹೆಚ್ಚುಕಡಿಮೆ ಅಷ್ಟೇ" ಎಂದು ನಕ್ಕುಬಿಟ್ಟರು. ಮತ್ತೆ ಯಾಕೆ ಇವರು ವೃತ್ತಿಪರರು, ನಾವು ಹವ್ಯಾಸಿಗಳು? ಉತ್ತರ ಬರುವಷ್ಟರಲ್ಲಿ ದೀಪ ಮಂದವಾಯಿತು.

ಪ್ರಶಸ್ತಿಗೆ ಯಾರ ಹೆಸರಿಟ್ಟಿದ್ದಾರೋ ಆ ನಟ ಜೆಫರ್ಸನ್ ಕತೆ ಮಾತ್ರ ನಮ್ಮ ನಾಟಕ ಕಂಪನಿಗಳದ್ದೇ. 1829ರಲ್ಲಿ ಹುಟ್ಟಿದವನು, ನಟರ ಮನೆತನ, ಹುಡುಗನಾಗಿದ್ದಾಗಲೇ ಮನೆಯವರ ತಂಡದ ಜೊತೆ ಶಿಕಾಗೋಗೆ ಬಂದವನು. ಅಲ್ಲಿಂದ ಅದೇ ರಾಜ್ಯದ ಸ್ಪ್ರಿಂಗ್‌ಫೀಲ್ಡಿಗೆ ಹೋದಾಗ ಊರಿನವರು ನಾಟಕಕ್ಕೆ ಭಾರೀ ತೆರಿಗೆ ಹಾಕಿದರಂತೆ. ಯುವ ವಕೀಲನೊಬ್ಬ ಬಿಟ್ಟಿ ವಾದಿಸಿ ಅದನ್ನು ತೆಗೆಸಿದ. ಆ ವಕೀಲ ಅಬ್ರಹಾಂ ಲಿಂಕನ್ ಎಂದು ಜೆಫರ್ಸನ್ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಎರಡನೇ ಅಂಕದಲ್ಲಿ ನಾನು ಅರ್ಧ ನಾಟಕ ನೋಡಿದೆ, ಅರ್ಧ ಆಕೆಯ ಮುಖ ನೋಡಿದೆ. ತೀರಿಹೋದ ಅಪ್ಪನ ಮನೆ ಮಾರುವ ಅಕ್ಕತಂಗಿಯರ ಕತೆ. ಕೊನೆಯಲ್ಲಿ ಅಕ್ಕ ಬಾಗಿಲಿಗೆ ಬೀಗ ಹಾಕಬೇಕು. ಸರಿಯಾಗಿ ಆಗಲೇ ಪಕ್ಕದ ಮೇಲ್ಸೇತುವೆಯಲ್ಲಿ ನಿಜವಾದ ರೈಲು ಗಡಗಡ ಎಂದು ಬಂತು. ಕುರ್ಚಿಗಳು ನಡುಗಿದವು. ನಟಿ ಕೀಲಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದಳು. ರೈಲು ಪೂರ್ತಿ ದಾಟುವವರೆಗೂ ಬೀಗವನ್ನೇ ನೋಡುತ್ತಿದ್ದಳು. ಆಮೇಲೆ ತಿರುಗಿಸಿದಳು. ಟಿಕ್. ಅಷ್ಟು ಸಣ್ಣ ಸದ್ದು ನಮಗೆಲ್ಲ ಕೇಳಿಸಿತು. ನನ್ನ ಗಂಟಲು ಕಟ್ಟಿತು. ಪಕ್ಕದ ಜೆಫ್ ಹೆಂಗಸಿನ ಮುಖದಲ್ಲಿ ಮಾತ್ರ ಏನೂ ಇಲ್ಲ. ಗಟ್ಟಿ ಹೆಂಗಸು.

ಕೋಟು ಹಾಕಿಕೊಳ್ಳುತ್ತಾ ಅವರೇ ಬಾಯಿಬಿಟ್ಟರು. "ಆ ರೈಲಿಗೆ ಮಾತ್ರ ಶಬ್ದ ವಿನ್ಯಾಸದವನಿಗೆ ಅಂಕ ಕೊಡುವ ಹಾಗಿಲ್ಲ." ನಾಳೆ ಇನ್ನೊಂದು ನಾಟಕವಿದೆ ಎಂದು ಹೊರಟೇಹೋದರು.

ವಾಪಸ್ ಬರುವಾಗ ಯೋಚಿಸುತ್ತಿದ್ದೆ. ನಮ್ಮಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಬರುವ ಹೊತ್ತಿಗೆ ಎಷ್ಟೋ ಕಲಾವಿದರಿಗೆ ವೇದಿಕೆಯ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕು. ಇಲ್ಲಿ ಮೊನ್ನೆ ಹೊಲಿದ ಅಂಗಿಗೆ, ನಿನ್ನೆ ಕಟ್ಟಿದ ಲೈಟಿಗೆ ಮತ ಬೀಳುತ್ತಿದೆ. ಅದೂ ಶಿಕಾಗೋ ದಾಟಿದರೆ ಹೆಸರೇ ಗೊತ್ತಿರದ ಹುಡುಗರಿಗೆ.

ಊರಿಗೆ ಹೊರಡುವ ಮೂರು ದಿನ ಮೊದಲು ಮಗಳನ್ನೂ ಕರೆದುಕೊಂಡು ಆ ಕಡೆ ಹೋದೆ. ಈ ಸಲ ಕಂದು ಮಾರ್ಗ. ಕಿಟಕಿಯ ಪೋಸ್ಟರ್ ಮೇಲೆ ಅಡ್ಡಕ್ಕೆ ಹೊಸ ಪಟ್ಟಿ ಅಂಟಿಸಿದ್ದರು: 'ಜೆಫ್ ಶಿಫಾರಸು'. ಯಾವುದಕ್ಕೆ ಸಿಕ್ಕಿತು, ಆ ಟಿಕ್‌ಗಾ? ಬರೆದಿರಲಿಲ್ಲ.

"ಇವತ್ತಿಗೇ ಬುಕ್ ಮಾಡು" ಎಂದೆ. ಮಗಳು ಫೋನು ನೋಡಿದಳು.

"ಇವತ್ತೂ ಫುಲ್, ನಾಳೆಯೂ ಫುಲ್ ಅಪ್ಪಾ."