ತಮ್ಮ ಕೊಳ್ಳಬೇಕೆಂದಿರುವ ದೋಣಿ

12 ಜುಲೈ 2025, ಶನಿವಾರ
ಚಿಕ್ಕಬಳ್ಳಾಪುರ

ತಮ್ಮ ಮಂಜ ಇಂಗ್ಲೆಂಡಿನಿಂದ ಕಳಿಸಿದ, ದೋಣಿ ತಪಾಸಣೆಯ ಸರ್ವೆ ರಿಪೋರ್ಟು ಸಂಜೆಯಿಂದ ಫೋನಿನಲ್ಲಿ ತೆರೆದೇ ಇದೆ. ಸೋಮವಾರದೊಳಗೆ ಅವನು ದೋಣಿ ಮಾರುತ್ತಿರುವ ಹಿರಿಯರಿಗೆ ಹೂಂ ಅಥವಾ ಉಹೂಂ ಅನ್ನಬೇಕಂತೆ. "ಅಣ್ಣಾ, ಮರದ ವಿಷಯ ನಿಂಗೆ ಗೊತ್ತು. ನೀನು ತಗೋ ಅಂದ್ರೆ ತಗೋತೀನಿ, ಬೇಡ ಅಂದ್ರೆ ಬಿಟ್ಬಿಡ್ತೀನಿ" ಅಂದ. ಇಪ್ಪತ್ತು ಲಕ್ಷ ರೂಪಾಯಿ ದಾಟುವ ಮಾತು. ಆ ದೋಣಿಯನ್ನು ನಾನು ಕಣ್ಣಾರೆ ಕಂಡಿಲ್ಲ, ಮುಟ್ಟಿಲ್ಲ. ಮರವನ್ನು ತಟ್ಟಿ ನೋಡದೆ ಏನಂತ ಹೇಳಲಿ?

ದೋಣಿ 1936ರದ್ದು, 32 ಅಡಿ ಉದ್ದ. ಓಕ್ ಮರದ ಪಕ್ಕೆಗಳು, ಅವುಗಳ ಮೇಲೆ ಮಹಾಗನಿ ಹಲಗೆ. ಒಳಗೆ ನಾಲ್ಕು ಜನ ಮಲಗುವಷ್ಟು ಜಾಗ, ಒಂದು ಗ್ಯಾಸ್ ಒಲೆ, ಹಿತ್ತಾಳೆ ಚೌಕಟ್ಟಿನ ಕಿಟಕಿಗಳು. ಮೊದಲಿದ್ದ ಪೆಟ್ರೋಲ್ ಎಂಜಿನ್ ತೆಗೆದು ಯಾವ ಕಾಲದಲ್ಲೋ ಡೀಸೆಲ್ ಎಂಜಿನ್ ಕೂರಿಸಿದ್ದಾರೆ. ಮೋಟಾರ್ ಕ್ರೂಸರ್ ಅಂತ ಕರೆದರೂ ಜೋರಾಗಿ ಓಡಿಸೋಕೆ ಅಂತ ಕೊಳ್ಳುವ ವಸ್ತು ಅಲ್ಲ ಅದು. ಮಂಜ ಇರುವ ನಾರ್ಫೋಕ್ ಸೀಮೆಯಲ್ಲಿ ಬ್ರಾಡ್ಸ್ ಅನ್ನೋ ಕೆರೆ, ಹೊಳೆಗಳ ನೀರಿನಲ್ಲಿ ಹೆಚ್ಚಿನ ಕಡೆ ಗಂಟೆಗೆ 3ರಿಂದ 6 ಮೈಲಿ ಮಾತ್ರ. ಜೋರಾಗಿ ಹೋದರೆ ಅಲೆ ಎದ್ದು ದಡ ಕೊರೆಯುತ್ತೆ.

ಮಾರುತ್ತಿರುವವರು ಸ್ಕೂಲಿನಲ್ಲಿ ಮರಗೆಲಸ ಕಲಿಸುತ್ತಿದ್ದ ಮೇಷ್ಟ್ರು. ಹರಕು ಟಾರ್ಪಾಲಿನ ಕೆಳಗೆ ಬಿದ್ದಿದ್ದ ದೋಣಿಯನ್ನು ತಂದು, ಹೆಂಡತಿ ಜೊತೆ ಸೇರಿ, ಹಲಗೆ ಹಲಗೆ ಬಿಚ್ಚಿ ಮತ್ತೆ ಕಟ್ಟಿದ್ದಾರೆ. ಫೋಟೋ ನೋಡಿದರೆ ಸಾಕು, ಕೆಲಸ ಬಲ್ಲ ಕೈ ಅಂತ ತಿಳಿಯುತ್ತೆ.

ಮಧ್ಯಾಹ್ನ ಮಂಜ ವೀಡಿಯೊ ಕಾಲ್ ಮಾಡಿದ. ಅಪ್ಪನನ್ನೂ ಜಗಲಿಯಿಂದ ಒಳಗೆ ಕರೆದು ಕೂರಿಸಿದೆ. ಎಂಬತ್ತು ದಾಟಿದೆ, ಕಿವಿ ಮಂದ, ಆದರೆ ಮರದ ಮಾತು ಬಂದರೆ ಒಂದಕ್ಷರ ತಪ್ಪುವುದಿಲ್ಲ. ಅಪ್ಪ ಮೊದಲು ಕೇಳಿದ್ದು ಬೆಲೆಯನ್ನಲ್ಲ.

"ಆವಯ್ಯ ಯಾಕೆ ಮಾರ್ತಾವ್ನೆ?"

"ಮಂಡಿ ಹೋಗಿದೆಯಂತಪ್ಪ. ಹೆಂಡತಿ ಹೋದ ವರ್ಷ ತೀರ್ಕೊಂಡ್ರು. ದಡದಿಂದ ದೋಣಿಗೆ ಕಾಲಿಡೋದೇ ಕಷ್ಟ ಆಗಿದೆ ಅವರಿಗೆ."

"ಹಂಗಾದ್ರೆ ಕೆಟ್ಟೈತೆ ಅಂತ ಮಾರ್ತಿಲ್ಲ. ಸರಿ. ಮೊಳೆ ಯಾವ್ದು?"

"ತಾಮ್ರದ್ದು."

"ಎಲ್ಲಾನೂವಾ? ನಡೂವೆ ಎಲ್ಲಾದ್ರೂ ಕಬ್ಬಿಣ ಹೊಡೆದವ್ರಾ ಕೇಳು."

ಅಪ್ಪ ಓಕ್ ಮರ ಕಂಡವನಲ್ಲ. ಅವನಿಗೆ ಗೊತ್ತಿರುವುದು ಜಾಲಿ, ಗಾಡಿ ಚಕ್ರದ ಗುಂಬಕ್ಕೆ ಬಳಸುತ್ತಿದ್ದ ಕರಿಜಾಲಿ. ಜಾಲಿ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಾರಲ್ಲ, ಅದರ ಒಗರು ಕಬ್ಬಿಣಕ್ಕೆ ತಗುಲಿದರೆ ಮರ ಕಪ್ಪಾಗುತ್ತೆ. ಓಕ್‌ನಲ್ಲೂ ಅದೇ ಒಗರು. ತೇವ ಸೇರಿದರೆ ಕಬ್ಬಿಣದ ಮೊಳೆ ತುಕ್ಕು ತಿಂದು ಸಣ್ಣಗಾಗುತ್ತೆ, ಸುತ್ತಲಿನ ಮರವೂ ಸತ್ತುಹೋಗುತ್ತೆ. ಹೊರಗಿನಿಂದ ಹಲಗೆ ಲಕಲಕ ಅಂತಿರುತ್ತೆ, ಹಿಡಿದಿಟ್ಟುಕೊಳ್ಳೋಕೆ ಒಳಗೆ ಏನೂ ಇರಲ್ಲ. ರಿಪೋರ್ಟಿನಲ್ಲಿ ಇದಕ್ಕೆ ಉತ್ತರ ಇದೆ. ತಳದ ದೊಡ್ಡ ಬೋಲ್ಟುಗಳು ಮೊದಲು ಕಬ್ಬಿಣದವು, ಮೇಷ್ಟ್ರು ಅಷ್ಟನ್ನೂ ತೆಗೆದು ಕಂಚಿನವು ಹಾಕಿದ್ದಾರೆ. ತಪಾಸಣೆ ಮಾಡಿದ ಸರ್ವೇಯರ್, ಮೇಷ್ಟ್ರ ಬಾಯಿಮಾತು ನಂಬದೆ, ಒಂದು ಬೋಲ್ಟನ್ನು ಹೊರಗೆ ಎಳೆದು, ಫೋಟೋ ತೆಗೆದು, ಮತ್ತೆ ಕೂರಿಸಿದ್ದಾನೆ. ಆ ಫೋಟೋ ತೋರಿಸಿದಾಗ ಅಪ್ಪ ತಲೆಯಾಡಿಸಿದ.

ನನ್ನ ಹೆಂಡತಿ ಲಲಿತ ಕಾಫಿ ತಂದವಳು ಅಲ್ಲೇ ನಿಂತು ಕೇಳಿದಳು: "ಯಾವಾಗ್ಲೂ ನೀರಲ್ಲೇ ಇದ್ರೆ ಮರ ಕೊಳೆಯಲ್ವಾ ಮಾವ?"

"ನೀರಲ್ಲಿ ಮುಳುಗಿರೋದು ಕೊಳೆಯಕಿಲ್ಲ ಕಣಮ್ಮ. ಬಾವಿ ತಳಕ್ಕೆ ಅತ್ತಿ ಮರದ ಚೌಕ ಹಾಕ್ತಿರ್ಲಿಲ್ವಾ? ನಮ್ ತಾತ ಹಾಕಿದ್ದು, ಬಾವಿ ಹೂಳೆತ್ತುವಾಗ ನೋಡಿದ್ರೆ ಹಂಗೇ ಇತ್ತು. ಒಂದಪ ನೆನ್ದು ಒಂದಪ ಒಣಗ್ತದಲ್ಲ, ಆ ಮರ ಲಡ್ಡಾಗೋದು. ಬಾಗ್ಲು ಚೌಕಟ್ಟು ನೋಡು, ಹೊಸ್ಲು ಹತ್ರಾನೇ ಹೋಗ್ತದೆ."

ಮಂಜ ಆ ಕಡೆಯಿಂದ ಕೂಗಿದ: "ಅಪ್ಪಾ, ಸರ್ವೇಯರ್ ಹೇಳಿದ್ದೂ ಇದೇ!" ಮರದ ದೋಣಿಗೆ ಕೆಳಗಿನ ನೀರಿಗಿಂತ ಮೇಲಿಂದ ಬೀಳುವ ಮಳೆ ನೀರೇ ದೊಡ್ಡ ಶತ್ರು. ಅಟ್ಟದ, ಅಂದರೆ ದೋಣಿಯ ಮೇಲ್ಹಾಸಿನ ಅಂಚು, ಕಿಟಕಿಯ ಕೆಳಮೂಲೆ, ಹಿಂಬದಿಯ ಹಲಗೆ, ಹೀಗೆ ನೀರು ನಿಂತು ಬೇಗ ಒಣಗದ ಜಾಗಗಳಲ್ಲೇ ಬೂಷ್ಟು ಬೇರು ಬಿಡುವುದು. ಪೂರ್ತಿ ಮುಳುಗಿದ ಮರಕ್ಕೆ ಗಾಳಿ ಸಿಗಲ್ಲ, ಬೂಷ್ಟಿಗೂ ಸಿಗಲ್ಲ. ಸರ್ವೇಯರ್ ಸಣ್ಣ ಸುತ್ತಿಗೆ ಹಿಡಿದು ಗೇಣು ಗೇಣಿಗೂ ತಟ್ಟುತ್ತಾ ಹೋದನಂತೆ. ಗಟ್ಟಿ ಮರ ಟಣ್ ಅನ್ನುತ್ತೆ, ಕೊಳೆತದ್ದು ದಬ್ ಅನ್ನುತ್ತೆ. ಆ ಶಬ್ದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಬಾರದಿತ್ತಾ ಅಂತ ಮಂಜನಿಗೆ ಕೇಳಿದೆ. ಅವನಿಗೆ ಅದು ಹೊಳೆದಿರಲಿಲ್ಲ.

ಆಮೇಲೆ ಅಪ್ಪ ಫೋನು ಕೈಗೆ ತಗೊಂಡ. ಹಲಗೆಯ ಮೇಲೆ ಏನೋ ಚುಕ್ಕಿಗಳಿವೆ ಅಂತ ಹೆಬ್ಬೆರಳಿಂದ ಒರೆಸಲು ಹೋಗಿ ಫೋಟೋ ದೊಡ್ಡದಾಯಿತು. ಆಗಲೇ ನಾನೂ ಸರಿಯಾಗಿ ನೋಡಿದ್ದು. ಚುಕ್ಕಿಗಳಲ್ಲ, ಬಿರಡೆಗಳು. ಕಂಚಿನ ಸ್ಕ್ರೂ ತಲೆಯನ್ನು ಹಲಗೆಯೊಳಗೆ ತಗ್ಗಿಸಿ, ಆ ಗುಂಡಿಗೆ ಅದೇ ಮಹಾಗನಿಯ ಪುಟ್ಟ ಬಿರಡೆ ಕೂರಿಸಿ, ಸಮ ಉಜ್ಜಿದ್ದಾರೆ. ಕಾಲು ಇಂಚೋ, ಮೂರು ಎಂಟಾಂಶ ಇಂಚೋ ಇರಬೇಕು. ನೂರಾರು ಇವೆ. ಕಣ್ಣು ಹಾಯುವಷ್ಟೂ ನೋಡಿದೆ, ಪ್ರತಿಯೊಂದು ಬಿರಡೆಯ ಎಳೆಯೂ ಹಲಗೆಯ ಎಳೆಯ ದಿಕ್ಕಿಗೇ ಇದೆ. ಒಂದೂ ಅಡ್ಡ ತಿರುಗಿಲ್ಲ. ಎಳೆ ಕೂಡದಿದ್ದರೆ ಬಿರಡೆ ಒಂದು ದಿಕ್ಕಿಗೆ ಹಿಗ್ಗಿದರೆ ಹಲಗೆ ಇನ್ನೊಂದು ದಿಕ್ಕಿಗೆ ಹಿಗ್ಗುತ್ತೆ, ಅಂಚು ಬಿಟ್ಟು ನೀರು ಹೊಗುತ್ತೆ.

"ಗೋಂದು ಯಾವ್ದು ಹಾಕವ್ರೆ ಇದಕ್ಕೆ?" ಅಂತ ಅಪ್ಪ.

ಮಂಜ ಅದನ್ನು ಮೇಷ್ಟ್ರಿಗೆ ಕೇಳಿಯೇ ಇದ್ದ. ಗೋಂದು ಹಾಕಿಲ್ಲ. ಬಿರಡೆಯನ್ನು ವಾರ್ನಿಶ್‌ನಲ್ಲಿ ಅದ್ದಿ ಕೂರಿಸಿದ್ದಾರೆ, ಅಷ್ಟೇ. ಮುಂದೆ ಯಾರಾದರೂ ಹಲಗೆ ಬಿಚ್ಚಬೇಕಾದರೆ ಉಳಿ ಮೂಲೆ ತಾಗಿಸಿದರೆ ಬಿರಡೆ ಎದ್ದು ಬರಬೇಕು, ಸ್ಕ್ರೂ ತಲೆಗೆ ಏಟು ಬೀಳಬಾರದು, ಅದಕ್ಕೆ. ಎಪಾಕ್ಸಿ ಅನ್ನೋ ಗಟ್ಟಿ ಅಂಟು ಹಾಕಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಗಟ್ಟಿಯೂ ಇರುತ್ತಿತ್ತು. ಆದರೆ ಮುಂದಿನವನು ಹಲಗೆಯನ್ನೇ ಒಡೆಯಬೇಕಾಗುತ್ತಿತ್ತು.

ನನಗೆ ಇವತ್ತಿಡೀ ತಲೆಯಲ್ಲಿ ಉಳಿದಿರುವುದು ಇದೊಂದೇ. ಆ ಮೇಷ್ಟ್ರು ಕೆಲಸ ಮಾಡುವಾಗ, ಇನ್ನೂ ಹುಟ್ಟಿರದ ಯಾವನೋ ಆಚಾರಿ ಮುಂದೊಂದು ದಿನ ಇದನ್ನು ಬಿಚ್ಚುತ್ತಾನೆ ಅಂತ ಅವನಿಗಾಗಿ ಜಾಗ ಬಿಟ್ಟಿದ್ದಾರೆ. ನೂರಾರು ಸಲ. ಇಪ್ಪತ್ತು ಲಕ್ಷಕ್ಕೆ ಮಂಜ ಕೊಳ್ಳುತ್ತಿರುವುದು ಮಹಾಗನಿಯನ್ನಲ್ಲ.

ಲಲಿತ ಒಪ್ಪುವುದಿಲ್ಲ. ಕಾಲ್ ಮುಗಿದ ಮೇಲೆ ಅಂದಳು: "ಆ ದುಡ್ಡಿಗೆ ಇಲ್ಲೇ ಊರಾಚೆ ಒಂದು ಸೈಟ್ ಬರ್ತಿತ್ತು. ಸೈಟಿನ ಬೆಲೆ ಏರುತ್ತೆ. ದೋಣಿ ಬೆಲೆ ಏರುತ್ತಾ?" ಏರುವುದಿಲ್ಲ. ಅದು ಅವಳು ಹೇಳಿದ್ದು ನಿಜ. ಮೇಷ್ಟ್ರು ಹಾಕಿರುವ ಮರ, ಕಂಚು, ವಾರ್ನಿಶ್‌ನ ದುಡ್ಡೇ ಅವರು ಕೇಳುತ್ತಿರುವ ಬೆಲೆಗಿಂತ ಹೆಚ್ಚಂತೆ, ಕೈಗೆಲಸ ಬೇರೆ. ಕೊಂಡ ಮೇಲೂ ಖರ್ಚು ನಿಲ್ಲಲ್ಲ. ಕಟ್ಟಿಹಾಕುವ ಜಾಗಕ್ಕೆ ಬಾಡಿಗೆ, ಬ್ರಾಡ್ಸ್ ಪ್ರಾಧಿಕಾರಕ್ಕೆ ವರ್ಷ ವರ್ಷ ಸುಂಕ, ವಿಮೆ, ನಾಲ್ಕು ವರ್ಷಕ್ಕೊಮ್ಮೆ ಗ್ಯಾಸು, ವೈರಿಂಗು, ಡೀಸೆಲ್ ಟ್ಯಾಂಕು ಎಲ್ಲ ತೋರಿಸಿ ಸುರಕ್ಷತಾ ಸರ್ಟಿಫಿಕೇಟು. ಇದೆಲ್ಲಕ್ಕಿಂತ ದೊಡ್ಡದು ವಾರ್ನಿಶ್. ಬಿಸಿಲು ಅದನ್ನು ತಿನ್ನುತ್ತೆ. ಪ್ರತಿ ವರ್ಷ ಉಜ್ಜಿ ಹೊಸ ಕೋಟು ಕೊಡಲೇಬೇಕು. ಒಂದು ವರ್ಷ ಬಿಟ್ಟರೆ ಪೊರೆ ಏಳುತ್ತೆ, ಕೆಳಗೆ ನೀರು ಹರಿದು ಮರ ಕಪ್ಪಾಗುತ್ತೆ, ಆಮೇಲೆ ಬುಡದಿಂದ ಶುರು ಮಾಡಬೇಕು.

ನಮ್ಮ ಮರಗೆಲಸದ ಅಂಗಡಿಯ ಪರಿಸ್ಥಿತಿ ನೆನೆದರೆ ಬೇಸರವಾಗುತ್ತೆ. ಈ ವಾರ ಬಂದ ಮೂರು ಮನೆಯವರೂ ಯುಪಿವಿಸಿ ಪ್ಲಾಸ್ಟಿಕ್ ಕಿಟಕಿ ಸಿಗುತ್ತಾ ಅಂತ ಕೇಳಿದರು. ಮುಂಬಾಗಿಲು ಮಾತ್ರ ತೇಗದ್ದು ಬೇಕು, ಅದೂ ಎದುರಿಗೆ ಕಾಣುವಷ್ಟು. ಹೊನ್ನೆ, ಮತ್ತಿ ಅಂದರೆ ಹುಡುಗರು ಮುಖ ನೋಡುತ್ತಾರೆ. ಹೊರಗಿನ ಬಿಳಿ ಮರ ಯಾವುದು, ಒಳಗಿನ ಗಟ್ಟಿ ಚೇಗು ಯಾವುದು ಅಂತ ಕೇಳುವ ಗಿರಾಕಿಯನ್ನು ಕಂಡು ಎಷ್ಟು ಕಾಲವಾಯಿತೋ. ಮಂಜನೂ ಉಳಿ ಹಿಡಿದವನಲ್ಲ, ಕಂಪ್ಯೂಟರ್ ಓದಿ ಹೋದವನು. ಅಂಥವನು ಈಗ ಬಿರಡೆಯ ಎಳೆ ಬಗ್ಗೆ ಅಪ್ಪನ ಜೊತೆ ಅರ್ಧ ಗಂಟೆ ಮಾತಾಡಿದ! ಅಪ್ಪನ ಮುಖ ನೋಡಬೇಕಿತ್ತು.

ಇನ್ನೊಂದು ಮಾತು ಬರೆದಿಡಬೇಕು. ಆ ಕಾಲದ ಇಂಗ್ಲೆಂಡಿನ ದೋಣಿ ಅಂದರೆ ಎಲ್ಲರೂ ಮೊದಲು ಕೇಳುವುದು ಫ್ರಾನ್ಸಿನ ಕಡಲತೀರದ ಡಂಕರ್ಕ್‌ಗೆ ಹೋಗಿತ್ತಾ ಅಂತ. ಎರಡನೇ ಮಹಾಯುದ್ಧದಲ್ಲಿ, 1940ರ ಮೇ 26ರಿಂದ ಜೂನ್ 4ರವರೆಗೆ, ಜರ್ಮನ್ನರ ನಡುವೆ ಸಿಕ್ಕಿಬಿದ್ದಿದ್ದ 3,38,000ಕ್ಕೂ ಹೆಚ್ಚು ಸೈನಿಕರನ್ನು ಅಲ್ಲಿಂದ ಸಾಗಿಸಿದಾಗ, ಹಡಗುಗಳ ಜೊತೆ ಜನರ ಸ್ವಂತ ದೋಣಿಗಳೂ ನೂರಾರು ಹೋಗಿದ್ದವು. ಟೈಟಾನಿಕ್ ಮುಳುಗಿದಾಗ ಬದುಕಿ ಬಂದ ಅಧಿಕಾರಿ ಲೈಟಾಲರ್ ತನ್ನ ಸನ್‌ಡೌನರ್ ಅನ್ನೋ ಮರದ ಮೋಟಾರ್ ದೋಣಿಯಲ್ಲೇ ಹೋಗಿ ನೂರಕ್ಕೂ ಹೆಚ್ಚು ಜನರನ್ನು ತುಂಬಿಕೊಂಡು ಬಂದ. ಅಂಥ ಚರಿತ್ರೆ ಇರುವ ದೋಣಿಗೆ ಬೆಲೆಯೇ ಬೇರೆ. ಮಂಜನೂ ಆಸೆಯಿಂದ ಕೇಳಿದನಂತೆ. ಮೇಷ್ಟ್ರು, "ಇಲ್ಲಪ್ಪ, ಇದು ಎಲ್ಲೂ ಹೋಗಿಲ್ಲ. ರಜೆಗೆ ಬಂದವರನ್ನು ಕೂರಿಸಿಕೊಂಡು ಇದೇ ನೀರಲ್ಲಿ ತಿರುಗಿದೆ" ಅಂದರಂತೆ. ಸುಳ್ಳು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನಗೆ ಅವರ ಮೇಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು.

ಬ್ರಾಡ್ಸ್ ಕೆರೆಗಳ ಕಥೆ ಕೇಳಿ ಅಪ್ಪ ಬಹಳ ಖುಷಿಪಟ್ಟ. ಅವು ತಾವಾಗಿ ಆದ ಕೆರೆಗಳು ಅಂತಲೇ ಅಲ್ಲಿಯವರು ತಿಳಿದಿದ್ದರಂತೆ. ಜಾಯ್ಸ್ ಲ್ಯಾಂಬರ್ಟ್ ಅನ್ನೋ ಸಸ್ಯವಿಜ್ಞಾನಿ 1950ರ ದಶಕದಲ್ಲಿ ತಳ ಕೊರೆದು ನೋಡಿದಾಗ, ಬದಿಗಳು ಗೋಡೆಯ ಹಾಗೆ ನೆಟ್ಟಗೆ ಇಳಿದಿದ್ದವು. ಶತಮಾನಗಳ ಹಿಂದೆ ಜನ ಒಲೆಗೆ ಉರಿಸಲು ಪೀಟ್ ಅನ್ನೋ ಜೌಗು ಮಣ್ಣನ್ನು ಕೈಯಾರೆ ಅಗೆದು ತೆಗೆದ ಗುಂಡಿಗಳು ಅವು. ಆಮೇಲೆ ನೀರು ಏರಿ ತುಂಬಿಕೊಂಡಿತು. "ನಮ್ಮೋರು ನೀರಿಗೆ ಅಂತ ಅಗೆದ್ರು, ಅವ್ರು ಸೌದೆಗೆ ಅಂತ ಅಗೆದ್ರು" ಅಂದ ಅಪ್ಪ.

ಮಂಜ ಕ್ರಿಕೆಟ್ ಆಡಿ ಬೆಳೆದದ್ದು ಒಣಗಿದ ಕಂದವಾರ ಕೆರೆ ಅಂಗಳದಲ್ಲಿ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಹರಿಸಿದ ಮೇಲೆ ಅಲ್ಲಿ ನೀರು ನಿಂತಿದ್ದನ್ನು ಅವನು ಫೋಟೋದಲ್ಲೇ ನೋಡಿದ್ದು. ಹೊಳೆ ಇಲ್ಲದ ಸೀಮೆಯಲ್ಲಿ, ಟ್ಯಾಂಕರ್ ಬಂದಾಗ ಬಿಂದಿಗೆ ಹಿಡಿದು ಓಡಿದ ಹುಡುಗನಿಗೆ ನೀರಿನ ಮೇಲೆ ಮಲಗುವ ಆಸೆ ಬಂದರೆ, ಅದು ಶೋಕಿ ಅಂತ ನನಗೆ ಅನ್ನಿಸುವುದಿಲ್ಲ. ಲಲಿತನಿಗೆ ಇದನ್ನು ಹೇಳಲು ಸರಿಯಾದ ಮಾತು ಸಿಗಲಿಲ್ಲ.

ಮೇಷ್ಟ್ರು ಒಂದು ಷರತ್ತು ಹಾಕಿದ್ದಾರೆ. ಕೊಳ್ಳುವವನು ಈ ಬೇಸಿಗೆ ಮುಗಿಯುವವರೆಗೆ ಶನಿವಾರ ಶನಿವಾರ ಬಂದು ಅವರ ಜೊತೆ ವಾರ್ನಿಶ್ ಮಾಡಬೇಕು, ಚಳಿಗಾಲಕ್ಕೆ ದೋಣಿ ಮುಚ್ಚುವುದನ್ನೂ ಕಲಿಯಬೇಕು. ಹೆಚ್ಚು ದಿನ ದಡದ ಮೇಲಿಟ್ಟರೆ ಹಲಗೆ ಒಣಗಿ ಸಂದು ಬಿಡುತ್ತೆ, ಮತ್ತೆ ನೀರಿಗಿಳಿಸಿದಾಗ ಮರ ಉಬ್ಬಿ ಸಂದು ಮುಚ್ಚುವ ತನಕ ಒಳಗೆ ನೀರು ಬರುತ್ತಲೇ ಇರುತ್ತೆ, ಪಂಪ್ ಇಟ್ಟು ಕಾಯಬೇಕು, ಹೆದರಬಾರದು ಅಂದರಂತೆ. ಬೇಸಿಗೆಯಲ್ಲಿ ಗಾಡಿ ಚಕ್ರದ ಅರೆಕಾಲು, ಅಂದರೆ ಒಳಗಿನ ಕಡ್ಡಿಗಳು, ಸಡಿಲವಾದರೆ ಚಕ್ರವನ್ನು ಕೆರೆಯಲ್ಲಿ ನೆನೆಹಾಕುತ್ತಿದ್ದುದನ್ನು ಅಪ್ಪ ಹೇಳಿದ. ಅದನ್ನೂ ಮೇಷ್ಟ್ರಿಗೆ ಹೇಳುತ್ತೇನೆ ಅಂದ ಮಂಜ.

ಈಗ ಉಳಿದಿರುವುದು ರಿಪೋರ್ಟಿನ ಒಂದೇ ಸಾಲು. ಹಿಂಬದಿಯ ಹಲಗೆಯ ಎಡಮೂಲೆಯಲ್ಲಿ, ಅಟ್ಟದ ಅಂಚಿನ ಕೆಳಗೆ, ತೇವ ಅಳೆಯುವ ಮೀಟರ್ ಹೆಚ್ಚು ತೋರಿಸಿದೆ. ಒಂದು ವರ್ಷದೊಳಗೆ ಬಿಚ್ಚಿ ನೋಡಿ ಅಂತ ಸರ್ವೇಯರ್ ಬರೆದಿದ್ದಾನೆ. ಇದು ಮೇಲಿನ ಸಂದಿನಿಂದ ಈಚೆಗೆ ಇಳಿದ ಮಳೆ ನೀರಾದರೆ ಒಣಗಿಸಿ ಸಂದು ತುಂಬಿದರೆ ಆಯಿತು. ಹಲಗೆಯ ತುದಿಯಿಂದಲೇ ನೀರು ಹೀರಿಕೊಂಡು ಕೂತಿದ್ದರೆ ಒಳಗಿನ ಓಕ್‌ಗೂ ದಾಟಿರುತ್ತೆ. ಮೀಟರ್‌ಗೆ ಇವೆರಡರ ವ್ಯತ್ಯಾಸ ತಿಳಿಯಲ್ಲ. ಬಿರಡೆ ತೆಗೆಯಬೇಕು, ಸ್ಕ್ರೂ ಬಿಚ್ಚಿ ಅದರ ಮೈ ನೋಡಬೇಕು, ತೂತಿನೊಳಗೆ ಕಡ್ಡಿ ಹಾಕಿ ವಾಸನೆ ನೋಡಬೇಕು. ನಾಳೆ ಬೆಳಿಗ್ಗೆ ಮೊದಲು ಮಂಜನಿಗೆ ಹೇಳಬೇಕಾದ್ದು ಇದು: ದುಡ್ಡಿನ ಮಾತಿಗೆ ಮುಂಚೆ ಆ ಮೂಲೆಯ ನಾಲ್ಕೈದು ಬಿರಡೆ ಮೇಷ್ಟ್ರ ಕೈಯಲ್ಲೇ ತೆಗೆಸು. ಅವರು ಬೇಡ ಅನ್ನುವವರಲ್ಲ. ವಾರ್ನಿಶ್‌ನಲ್ಲಿ ಕೂರಿಸಿರುವುದೇ ಇದಕ್ಕೆ.

ಸ್ಕ್ರೂ ಹೊಳೆಯುತ್ತಿದ್ದರೆ ತಗೋ ಅಂತೀನಿ. ಕಡ್ಡಿ ಮೆತ್ತಗೆ ಇಳಿದರೂ ಬೇಡ ಅನ್ನೋಕೆ ಮನಸ್ಸು ಬರುತ್ತಿಲ್ಲ. ಹಿಂಬದಿಯ ಹಲಗೆ ಒಂದನ್ನು ಬದಲಾಯಿಸುವುದು ಇಬ್ಬರು ಕೂತರೆ ಆಗದ ಕೆಲಸವೇನಲ್ಲ, ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹೇಳಿಕೊಟ್ಟರೆ ಸಾಕು. ಸೆಪ್ಟೆಂಬರ್‌ನಲ್ಲಿ ಅಂಗಡಿ ಕೆಲಸ ಕಡಿಮೆ ಇರುತ್ತೆ. ಪಾಸ್‌ಪೋರ್ಟ್ ಇದೆ. ವೀಸಾಕ್ಕೆ ಎಷ್ಟು ದಿನ ಬೇಕೋ, ಉಳಿಗಳನ್ನು ಲಗೇಜಿನಲ್ಲಿ ಹಾಕಿದರೆ ಬಿಡುತ್ತಾರೋ ಇಲ್ಲ ಅಲ್ಲೇ ಮೇಷ್ಟ್ರ ಉಳಿ ಕೇಳಬೇಕೋ, ಮಂಜನನ್ನು ಕೇಳಬೇಕು.