ಆನ್‌ಲೈನ್‌ನಲ್ಲಿ ಕಲಿತರೆ ಕನ್ನಡ ಬರುತ್ತಾ?

ವಾರಕ್ಕೆ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತವರು ಕೇಳುತ್ತಾರೆ. ಗುರುತಿಲ್ಲದ ನಂಬರಿನಿಂದ ವಾಟ್ಸಾಪ್ ಬರುತ್ತದೆ. ಕೆಲವರು ತಮಗಾಗಿ ಕೇಳುತ್ತಾರೆ, ಕೆಲವರು ಉತ್ತರದ ಕಡೆಯಿಂದ ಬಂದ ಸೊಸೆಗಾಗಿ, ಇನ್ನು ಕೆಲವರು ಅಮೆರಿಕದಲ್ಲಿರುವ ಮೊಮ್ಮಗಳಿಗಾಗಿ. "ಆನ್‌ಲೈನ್‌ನಲ್ಲಿ ಕಲಿತರೆ ನಿಜವಾಗಲೂ ಕನ್ನಡ ಬರುತ್ತಾ? ಎಷ್ಟು ತಿಂಗಳು ಬೇಕು?"

ಬರುತ್ತದೆ. ಆದರೆ ತಿಂಗಳ ಲೆಕ್ಕ ಹೇಳುವ ಮೊದಲು ನಾನೂ ಒಂದು ಪ್ರಶ್ನೆ ಕೇಳುತ್ತೇನೆ. "ಯಾರ ಜೊತೆ ಮಾತಾಡೋಕೆ?"

ಬೇರೆ ಭಾಷೆಯವರಿಗೆ ಕನ್ನಡ ಹೇಳಿಕೊಡಲು ನಾನು ಶುರು ಮಾಡಿದ್ದು 2015ರಲ್ಲಿ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಹಾಲ್, ಭಾನುವಾರ ಬೆಳಿಗ್ಗೆ, ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಬಿಳಿ ಬೋರ್ಡು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದು ಹಾಲ್‌ಗೆ ಬೀಗ ಬಿತ್ತು. ಅವತ್ತಿನಿಂದ ಫೋನು, ಲ್ಯಾಪ್‌ಟಾಪಿನಲ್ಲಿ ಪಾಠ. ಆಮೇಲೆ ಹಾಲ್ ತೆರೆದರೂ ಆನ್‌ಲೈನ್ ಬಿಡಲಿಲ್ಲ. ಈಗ ಎರಡೂ ನಡೆಯುತ್ತವೆ. ಹಾಗಾಗಿ ಎರಡರಲ್ಲಿ ಯಾವುದರಿಂದ ಏನು ಆಗುತ್ತದೆ, ಏನು ಆಗುವುದಿಲ್ಲ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ.

2011ರ ಜನಗಣತಿ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮನೆಮಾತಾಗಿರುವವರು ನೂರಕ್ಕೆ ಸುಮಾರು 44 ಜನ. ಉಳಿದವರಿಗೆಲ್ಲ ಕನ್ನಡ ಬರುವುದಿಲ್ಲ ಅಂತ ಇದರ ಅರ್ಥವಲ್ಲ. ತಮಿಳು, ತೆಲುಗು, ಉರ್ದು ಮಾತಾಡುವ ಎಷ್ಟೋ ಮನೆಗಳು ತಲೆಮಾರುಗಳಿಂದ ಇಲ್ಲೇ ಇವೆ. ಅವರು ಯಾವ ಕೋರ್ಸಿಗೂ ಸೇರಿದವರಲ್ಲ. ನಲ್ಲಿ ಹತ್ತಿರ, ರೇಷನ್ ಅಂಗಡಿ ಸಾಲಿನಲ್ಲಿ, ಮಕ್ಕಳ ಶಾಲೆ ಗೇಟಿನಲ್ಲಿ ಕನ್ನಡ ತಾನಾಗಿ ಬಂತು. ಮಾತಾಡದೆ ದಿನ ಸಾಗುತ್ತಿರಲಿಲ್ಲ, ಹಾಗಾಗಿ ಮಾತಾಡಿದರು.

ಈಗ ಕೆಲಸಕ್ಕೆ ಬಂದವರಿಗೆ ಆ ಬೀದಿಯೇ ಸಿಗುವುದಿಲ್ಲ. ತರಕಾರಿ ಫೋನಿನಲ್ಲಿ ಬರುತ್ತದೆ. ಆಟೋದವರಿಗೆ ದಾರಿ ಹೇಳಬೇಕಾಗಿಲ್ಲ, ಮ್ಯಾಪ್ ಇದೆ. ಆಫೀಸಿನಲ್ಲಿ ಇಂಗ್ಲಿಷ್, ಲಿಫ್ಟ್‌ನಲ್ಲಿ ಹಿಂದಿ. ಐದು ವರ್ಷ ಇದ್ದೂ "ಕನ್ನಡ ಗೊತ್ತಿಲ್ಲ" ಅನ್ನುವ ಎರಡೇ ಪದ ಕಲಿತವರನ್ನು ನೋಡಿ ನಮಗೆ ಸಿಟ್ಟು ಬರುತ್ತದೆ, ಅಲ್ವಾ? ನನಗೂ ಬರುತ್ತಿತ್ತು. ಪಾಠ ಶುರು ಮಾಡಿದ ಮೇಲೆ ಗೊತ್ತಾಯಿತು, ಅವರಲ್ಲಿ ಬಹಳ ಜನಕ್ಕೆ ಕಲಿಯುವ ಮನಸ್ಸಿದೆ. ಕಲಿತದ್ದನ್ನು ಆಡುವುದಕ್ಕೆ ಒಬ್ಬ ಮನುಷ್ಯ ಇಲ್ಲ.

ಅದಕ್ಕೇ "ಯಾರ ಜೊತೆ?" ಅಂತ ಕೇಳುವುದು. "ಕನ್ನಡಿಗರ ಜೊತೆ" ಅಂದರೆ ನಾನು ಒಪ್ಪುವುದಿಲ್ಲ. ಒಬ್ಬರೇ ಬೇಕು, ಮುಖ ಇರುವವರು ಬೇಕು. ಅತ್ತೆ ಆಗಬಹುದು, ಮನೆಗೆಲಸದ ಅಕ್ಕ ಆಗಬಹುದು, ಗೇಟಿನಲ್ಲಿ ಕೂರುವ ಅಣ್ಣ ಆಗಬಹುದು. ಮೊದಲ ತಿಂಗಳ ಪಾಠವೆಲ್ಲ ಆ ಒಬ್ಬರಿಗಾಗಿಯೇ.

ಭಾಷೆ ಕಲಿಯುವವರ ಹುಮ್ಮಸ್ಸಿನ ಬಗ್ಗೆ ಕೆನಡಾದ ಗಾರ್ಡ್ನರ್ ಮತ್ತು ಲ್ಯಾಂಬರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1959ರಲ್ಲೇ ಬರೆದಿದ್ದರು. ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಕಲಿಯುತ್ತಿದ್ದ ಇಂಗ್ಲಿಷ್ ಮನೆಮಾತಿನ ಹೈಸ್ಕೂಲು ಮಕ್ಕಳನ್ನು ಅವರು ನೋಡಿದರು. ಭಾಷೆಯ ಜಾಣ್ಮೆ ಎಷ್ಟಿದೆ ಅನ್ನುವುದರ ಜೊತೆಗೆ ಯಾಕೆ ಕಲಿಯುತ್ತಿದ್ದಾರೆ ಅನ್ನುವುದೂ ಮುಖ್ಯ ಅಂತ ಕಂಡಿತು. ಆ ಭಾಷೆಯ ಜನರ ಜೊತೆ ಬೆರೆಯಬೇಕು ಅಂತ ಕಲಿತವರು, ಬರೀ ಲಾಭಕ್ಕಾಗಿ ಕಲಿತವರಿಗಿಂತ ಮುಂದಿದ್ದರು. ನನ್ನ ಅನುಭವ ಇದನ್ನು ಅರ್ಧ ಮಾತ್ರ ಒಪ್ಪುತ್ತದೆ. ಕೆಲಸದ ಅಗತ್ಯವನ್ನು ಹಗುರವಾಗಿ ನೋಡಬಾರದು. ಅಗತ್ಯದಿಂದ ಶುರುವಾದ ಕನ್ನಡ ಪ್ರೀತಿಗೆ ತಿರುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕೇರಳದಿಂದ ಬಂದ ಒಬ್ಬ ನರ್ಸ್ ನನ್ನ ಆನ್‌ಲೈನ್ ಕ್ಲಾಸಿಗೆ ಸೇರಿದ್ದರು. ಮಲಯಾಳಂ ಗೊತ್ತಿದ್ದುದರಿಂದ ವಾಕ್ಯದ ಜೋಡಣೆ ಅವರಿಗೆ ಕಷ್ಟವಾಗಲಿಲ್ಲ. "ನನಗೆ ಹಸಿವಾಗಿದೆ" ಅನ್ನುವಾಗ "ನಾನು" ಯಾಕೆ ಬರುವುದಿಲ್ಲ ಅಂತ ಇಂಗ್ಲಿಷ್‌ನಲ್ಲೇ ಯೋಚಿಸುವವರಿಗೆ ಹತ್ತು ಸಲ ಹೇಳಬೇಕು, ಇವರಿಗೆ ಹೇಳಲೇಬೇಕಾಗಲಿಲ್ಲ. ತೊಂದರೆ ಬಂದದ್ದು ವಾರ್ಡಿನಲ್ಲಿ. ಪಾಠದಲ್ಲಿ "ನೋವು" ಕಲಿತು ಹೋದರೆ, ಅಲ್ಲಿ ಮಲಗಿದ್ದ ಅಜ್ಜಿ "ಕಾಲು ಜೋಮು ಹಿಡಿದೈತೆ ಕಣವ್ವಾ" ಅಂದರಂತೆ. ಇನ್ನೊಬ್ಬರು "ಹೊಟ್ಟೆ ತೊಳಸ್ತಿದೆ" ಅಂದರಂತೆ. ಮತ್ತೊಬ್ಬರು "ಏನೋ ಸಂಕಟ" ಅಂದು ಸುಮ್ಮನಾದರಂತೆ. ಜೋಮು, ತೊಳಸು, ಸಂಕಟ, ಸುಸ್ತು, ತಲೆ ಸುತ್ತು. ಒಂದೊಂದೂ ಬೇರೆ ಬೇರೆ. ನರ್ಸ್ ಆದವರಿಗೆ ಆ ವ್ಯತ್ಯಾಸ ಗೊತ್ತಿರಲೇಬೇಕು.

ಅವರು ಡ್ಯೂಟಿ ಮುಗಿಸಿ, ಕೇಳಿದ್ದನ್ನು ಕೇಳಿದ ಹಾಗೇ ವಾಯ್ಸ್ ಮೆಸೇಜ್ ಮಾಡುತ್ತಿದ್ದರು. "ಅಕ್ಕಾ, ಇವತ್ತು ಒಬ್ಬರು 'ಎದೆ ಹಿಡ್ಕೊಂಡಂಗೆ' ಅಂದರು. ನೋವಾ, ಉಸಿರಾಟದ ತೊಂದರೆಯಾ?" ನಾನು ಉತ್ತರ ಹೇಳುತ್ತಿದ್ದೆ. ಆದರೆ "ಅವರನ್ನೇ ಇನ್ನೊಂದು ಸಲ ಕೇಳಿ, ಎಲ್ಲಿ, ಹೇಗೆ ಅಂತ" ಅಂತಲೂ ಹೇಳುತ್ತಿದ್ದೆ. ಮಾರನೇ ದಿನ ಕೇಳಿಕೊಂಡು ಬರುತ್ತಿದ್ದರು. ಕೆಲವು ತಿಂಗಳಲ್ಲಿ ಅವರ ನೋಟ್‌ಬುಕ್‌ನಲ್ಲಿ ನನಗೇ ಹೊಸದಾದ ಹಳ್ಳಿಯ ಮಾತುಗಳು ತುಂಬಿದ್ದವು. ಕೊನೆಯ ದಿನ ಅವರು ಹೇಳಿದ್ದು: "ಅಜ್ಜಿಯರು ಈಗ ನನ್ನನ್ನೇ ಹುಡುಕಿ ಕರೀತಾರೆ ಅಕ್ಕಾ." ಅವರ ದನಿಯಲ್ಲಿದ್ದ ಖುಷಿ ನನಗೆ ಇವತ್ತೂ ನೆನಪಿದೆ.

ಆನ್‌ಲೈನ್ ಪಾಠದ ನಿಜವಾದ ಶಕ್ತಿ ನನಗೆ ಅಲ್ಲಿ ಕಂಡಿತು. ದಿನದಲ್ಲಿ ಕೇಳಿದ ಮಾತನ್ನು ಅದೇ ದಿನ ರಾತ್ರಿ ತಂದು ಬಿಚ್ಚಿ ನೋಡಬಹುದು. ಭಾನುವಾರದ ಹಾಲ್‌ನ ಕ್ಲಾಸಾದರೆ ಸೋಮವಾರ ಕೇಳಿದ ಪದ ಆರು ದಿನ ಕಾಯಬೇಕು. ಅಷ್ಟರಲ್ಲಿ ಮರೆತಿರುತ್ತದೆ. ಮರೆವು ಎಷ್ಟು ಬೇಗ ಬರುತ್ತದೆ ಅನ್ನುವುದನ್ನು ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ಅರ್ಥವಿಲ್ಲದ ಪದಗಳನ್ನು ತಾವೇ ಬಾಯಿಪಾಠ ಮಾಡಿ ಅಳೆದಿದ್ದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಅತಿ ಹೆಚ್ಚು ಮರೆತುಹೋಗುತ್ತದೆ. ಒಂದೇ ಸಲ ಉರುಹೊಡೆಯುವುದಕ್ಕಿಂತ ಬಿಟ್ಟು ಬಿಟ್ಟು ನೆನಪಿಸಿಕೊಂಡರೆ ಉಳಿಯುತ್ತದೆ. ವಾರಕ್ಕೊಮ್ಮೆ ಎರಡು ಗಂಟೆ ಕೂರುವುದಕ್ಕಿಂತ ದಿನಾ ಹದಿನೈದು ನಿಮಿಷ ಮೇಲು ಅಂತ ನಾನು ಹೇಳುವುದು ಇದಕ್ಕೇ. ದಿನಾ ಹದಿನೈದು ನಿಮಿಷಕ್ಕೆ ಯಾರೂ ಊರು ದಾಟಿ ಬರಲಾರರು. ಫೋನಿನಲ್ಲಾದರೆ ಆಗುತ್ತದೆ.

ಇನ್ನೊಂದು ಮಾತು. ಹಾಲ್‌ನ ಕ್ಲಾಸಿಗೆ ಬರುತ್ತಿದ್ದವರು ಭಾನುವಾರ ರಜೆ ಇರುವವರು ಮಾತ್ರ. ನಮ್ಮ ಬೀದಿಯ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿ ಮಾಡುವ ಒಡಿಶಾದ ಒಬ್ಬ ಸೆಕ್ಯೂರಿಟಿ ಹುಡುಗ ಇದ್ದಾನೆ. ಮಾತಾಡಲು ಅವನು ತಾನೇ ಕಲಿತಿದ್ದ, ಅಕ್ಷರ ಬರುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಜನ ಕನ್ನಡದಲ್ಲಿ ಬರೆದದ್ದನ್ನು ಓದಬೇಕು ಅನ್ನುವುದು ಅವನ ಆಸೆ. ನಾನು ರೆಕಾರ್ಡ್ ಮಾಡಿದ ಅಕ್ಷರದ ಪಾಠಗಳನ್ನು ಅವನು ರಾತ್ರಿ ಎರಡು ಗಂಟೆಗೆ ನೋಡುತ್ತಿದ್ದ. ಒತ್ತಕ್ಷರ ಬರುವಲ್ಲಿ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡುತ್ತಿದ್ದ. 49 ಅಕ್ಷರ ಮುಗಿದರೂ ಕಾಗುಣಿತ, ಒತ್ತು ಬಂದಾಗ ಹೆಚ್ಚಿನವರು ಕೈಬಿಡುತ್ತಾರೆ. ಅವನು ಬಿಡಲಿಲ್ಲ. ನಾಚಿಕೆ ಇಲ್ಲದೆ ಹತ್ತು ಸಲ ತಪ್ಪು ಮಾಡುವುದಕ್ಕೆ ಅವನಿಗೆ ಜಾಗ ಸಿಕ್ಕಿತ್ತು. ಲಿಪಿ ಕಲಿಯುವುದಕ್ಕೆ ಆನ್‌ಲೈನ್‌ಗಿಂತ ಒಳ್ಳೆಯದು ಇಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇನ್ನು ಆನ್‌ಲೈನ್‌ನಿಂದ ಆಗದ್ದು.

ಆ್ಯಪ್‌ಗಳಲ್ಲಿ, ರೆಕಾರ್ಡ್ ಪಾಠಗಳಲ್ಲಿ ಹೆಚ್ಚಾಗಿ ಪುಸ್ತಕದ ಕನ್ನಡ ಇರುತ್ತದೆ. "ನೀವು ಎಲ್ಲಿಗೆ ಹೋಗುತ್ತಿದ್ದೀರಿ?" ಅಂತ ಕಲಿತವರು ಬೀದಿಗೆ ಬಂದರೆ "ಎಲ್ಲೋಗ್ತಿದೀರಾ?" ಕೇಳಿಸುತ್ತದೆ. ಒಂದೇ ಭಾಷೆಯಾ ಇದು ಅಂತ ಗಾಬರಿಯಾಗುತ್ತಾರೆ. ಹುಬ್ಬಳ್ಳಿಯವರು ಎದುರಾಗಿ "ಎಲ್ಲಿ ಹೊಂಟೀರಿ?" ಅಂದರಂತೂ ಮುಗಿಯಿತು. ನಾನು ಮೊದಲ ದಿನದಿಂದಲೇ ಎರಡನ್ನೂ ಪಕ್ಕಪಕ್ಕ ಇಡುತ್ತೇನೆ. ಇದು ಬರೆಯುವುದು, ಇದು ಆಡುವುದು.

ದನಿಯ ತೊಂದರೆಯೂ ಇದೆ. "ಹೇಳಿ" ಅನ್ನುವಲ್ಲಿ ಳ ತಪ್ಪಿದರೆ ಅರ್ಥ ಎಷ್ಟು ಕೆಡುತ್ತದೆ ಅಂತ ಕನ್ನಡದವರಿಗೆ ಹೇಳಬೇಕಾಗಿಲ್ಲ. ನಾಲಿಗೆ ಎಲ್ಲಿ ಮಡಚಬೇಕು ಅನ್ನುವುದನ್ನು ಎದುರಿಗೆ ಕೂತು ತೋರಿಸಿದಷ್ಟು ಸಲೀಸಾಗಿ ಸಾಮಾನ್ಯ ಮೈಕ್‌ನಲ್ಲಿ ದಾಟಿಸಲು ಆಗುವುದಿಲ್ಲ. ಅಷ್ಟಲ್ಲದೆ, ಆನ್‌ಲೈನ್ ಕ್ಲಾಸಿನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಮ್ಯೂಟ್. ನಮ್ಮ ಬಸ್ಸಿನಲ್ಲಿ, ಮನೆಯಲ್ಲಿ ಯಾರು ಮ್ಯೂಟ್ ಇರುತ್ತಾರೆ? ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ನಡುವೆ ನುಗ್ಗಿ ಒಂದು ಮಾತು ಹಾಕುವುದನ್ನು ಜನರ ನಡುವೆ ಇದ್ದೇ ಕಲಿಯಬೇಕು.

ಚಿಕ್ಕ ಮಕ್ಕಳ ವಿಷಯದಲ್ಲಿ ನಾನು ಇನ್ನೂ ಬಿಗಿ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಮ್ಮ ಸರ್ಕಾರ 'ವಿದ್ಯಾಗಮ' ಅಂತ ಒಂದು ಯೋಜನೆ ಮಾಡಿತ್ತು. ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಗುಡಿಯ ಜಗಲಿಯಲ್ಲಿ, ಮರದ ಕೆಳಗೆ ಪಾಠ ಮಾಡಿದರು. ಸೋಂಕಿನ ಭಯದಿಂದ ಅದೇ ವರ್ಷ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೆ ಫೋನಿಲ್ಲದ, ನೆಟ್‌ವರ್ಕ್ ಇಲ್ಲದ ಮಕ್ಕಳನ್ನು ಪರದೆ ಮುಟ್ಟುವುದಿಲ್ಲ ಅಂತ ಎಲ್ಲರಿಗೂ ಕಂಡಿತ್ತು. ಫೋನಿದ್ದ ಮಕ್ಕಳಿಗೂ ಪಕ್ಕದಲ್ಲಿ ಒಬ್ಬರು ಬೇಕಿತ್ತು. ಅಮೆರಿಕದ ಮೊಮ್ಮಗಳ ಬಗ್ಗೆ ಕೇಳುವ ಅಜ್ಜಿಯರಿಗೆ ನಾನು ಹೇಳುವುದು ಇಷ್ಟೇ: ನನ್ನ ಕ್ಲಾಸಿಗಿಂತ ಮೊದಲು ನೀವು ದಿನಾ ವಿಡಿಯೋ ಕಾಲ್ ಮಾಡಿ. ಕಾಗಕ್ಕ ಗುಬ್ಬಕ್ಕನ ಕತೆ ಹೇಳಿ. ಅವಳು ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟರೂ ನೀವು ಕನ್ನಡ ಬಿಡಬೇಡಿ.

ಎಷ್ಟು ತಿಂಗಳು ಅನ್ನುವುದಕ್ಕೆ ಬರುತ್ತೇನೆ. ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಭಾಷೆ ಕಲಿಸುತ್ತದೆ. ಇಂಗ್ಲಿಷ್‌ನವರು ತಮಿಳು, ತೆಲುಗಿನಲ್ಲಿ ಕೆಲಸ ಮಾಡುವಷ್ಟು ಪಳಗಲು ಸುಮಾರು 44 ವಾರ, 1100 ಗಂಟೆ ಬೇಕು ಅನ್ನುವುದು ಅವರ ಲೆಕ್ಕ. ಕನ್ನಡವೂ ಅದೇ ಕುಟುಂಬದ್ದು. ನಮ್ಮ ಮೈಸೂರಿನಲ್ಲೇ, ಭಾರತೀಯ ಭಾಷಾ ಸಂಸ್ಥಾನದ ಕೇಂದ್ರದಲ್ಲಿ, ಬೇರೆ ರಾಜ್ಯದ ಶಿಕ್ಷಕರಿಗೆ ಕನ್ನಡ ಕಲಿಸುವ ಕೋರ್ಸು ಹತ್ತು ತಿಂಗಳದ್ದು. ಮೂರು ತಿಂಗಳ ಕೋರ್ಸು, ವಾರಕ್ಕೆ ಎರಡು ಗಂಟೆ ಅಂದರೆ 24 ಗಂಟೆ. ಅಷ್ಟರಲ್ಲಿ "ನಿರರ್ಗಳ ಕನ್ನಡ" ಅಂತ ಜಾಹೀರಾತು ಹಾಕುವವರನ್ನು ನಂಬಬೇಡಿ. ತೆಲುಗಿನವರು, ಮಲಯಾಳಂನವರು ಬೇಗ ಹಿಡಿಯುತ್ತಾರೆ. ಹಿಂದಿ, ಬಂಗಾಳಿಯವರಿಗೆ ಜಾಸ್ತಿ ಸಮಯ ಬೇಕು. ಆದರೆ 24 ಗಂಟೆಯಲ್ಲಿ ಒಬ್ಬರ ಜೊತೆ ಐದು ನಿಮಿಷ ಮಾತಾಡುವಷ್ಟು ಖಂಡಿತ ಬರುತ್ತದೆ. ಅದು ಸಣ್ಣದಲ್ಲ.

ಹೆಚ್ಚಿನವರು ಬಿಟ್ಟುಹೋಗುವುದು ನಾಲ್ಕನೇ ವಾರದಲ್ಲಿ. ಮೊದಲು ಕ್ಯಾಮೆರಾ ಆಫ್ ಆಗುತ್ತದೆ, ಆಮೇಲೆ "ಆಫೀಸ್ ಕೆಲಸ" ಅಂತ ಮೆಸೇಜ್, ಆಮೇಲೆ ಅದೂ ಇಲ್ಲ. ಆಗ ನಾನು ಹೊಸ ಪಾಠ ನಿಲ್ಲಿಸಿ ಒಂದೇ ಕೆಲಸ ಕೊಡುತ್ತೇನೆ. ಅವರು ಆರಿಸಿಕೊಂಡ ಆ ಒಬ್ಬರಿಗೆ ಹೋಗಿ "ತಿಂಡಿ ಆಯ್ತಾ?" ಅಂತ ಕೇಳಬೇಕು, ಉತ್ತರ ಏನು ಬಂತು ಅಂತ ನನಗೆ ಹೇಳಬೇಕು. ತಿಂಡಿ ಆಯ್ತಾ ಅನ್ನುವುದಕ್ಕೆ ನಮ್ಮವರು ಬರೀ ಹೌದು, ಇಲ್ಲ ಅನ್ನುವುದಿಲ್ಲವಲ್ಲ. "ಆಯ್ತು, ಚಿತ್ರಾನ್ನ. ನಿಮ್ಮದು?" ಅಂತಾರೆ. ಆ "ನಿಮ್ಮದು?" ಕೇಳಿ ವಾಪಸ್ ಬಂದವರೇ ಜಾಸ್ತಿ.

ಆದರೆ ಅದಕ್ಕೆ ನಾವೂ ಬೇಕು. ಅವರು ತಡವರಿಸುತ್ತಾ "ಎಷ್ಟು... ಆಯ್ತು?" ಅನ್ನುತ್ತಿದ್ದಂತೆ ನಾವು ಇಂಗ್ಲಿಷ್‌ಗೋ ಹಿಂದಿಗೋ ಹಾರುತ್ತೇವೆ. ಸಹಾಯ ಮಾಡಿದೆವು ಅಂದುಕೊಳ್ಳುತ್ತೇವೆ. ಒಂದು ವಾರ ಕನ್ನಡಿ ಮುಂದೆ ಅಭ್ಯಾಸ ಮಾಡಿ ಬಂದ ವಾಕ್ಯ ಅದು. ಅದಕ್ಕೆ ಇಂಗ್ಲಿಷ್‌ನಲ್ಲಿ ಉತ್ತರ ಬಂದಾಗ ಅವರ ಮುಖ ಹೇಗಾಗುತ್ತದೆ ಅಂತ ನಾನು ಎಷ್ಟೋ ಸಲ ನೋಡಿದ್ದೇನೆ. ದಯವಿಟ್ಟು ಅರ್ಧ ನಿಮಿಷ ಕಾಯಿರಿ. ನಿಧಾನವಾಗಿ, ಕನ್ನಡದಲ್ಲೇ ಉತ್ತರ ಹೇಳಿ. ತಪ್ಪನ್ನು ಎತ್ತಿ ತೋರಿಸಬೇಡಿ, ಸರಿಯಾದ ವಾಕ್ಯವನ್ನು ನೀವು ಆಡಿ, ಅವರಿಗೆ ಕೇಳಿಸುತ್ತದೆ.

ಮುಂದಿನ ತಿಂಗಳು ಹೊಸ ಆನ್‌ಲೈನ್ ಬ್ಯಾಚ್ ಶುರುವಾಗುತ್ತದೆ. ಸೇರುವವರು ತುಂಬುವ ಫಾರಂನಲ್ಲಿ ಎರಡೇ ಸಾಲು. ನಿಮ್ಮ ಹೆಸರು. ಯಾರ ಜೊತೆ ಮಾತಾಡಲು. ಇಲ್ಲಿಯವರೆಗೆ ಎರಡನೇ ಸಾಲಿನಲ್ಲಿ ಬಂದಿರುವುದು: ಅತ್ತೆ. ಮಗಳ ಟೀಚರ್. ಮೂಲೆಯ ಎಳನೀರಿನವರು. ಅತ್ತೆ. ಎದುರು ಮನೆ ಅಜ್ಜ, ಅವರಿಗೆ ಬೇರೆ ಭಾಷೆ ಬರಲ್ಲ.